ಟಾರ್ಚ್ ಡಬ್ಬಿ ಮೇಲಿನ ಐಪಿ ನಂಬರ್: ಐದು ಟಾರ್ಚ್‌ಗಳನ್ನು ಮಳೆಗೆ, ಸ್ಪ್ರೇ ಗನ್ನಿಗೆ, ಬಾವಿಗೆ ಹಿಡಿದು ನೋಡಿದ್ದು

ಟಾರ್ಚ್ ಡಬ್ಬಿ ಮೇಲೆ ಐಪಿ ಅಂತ ಒಂದು ನಂಬರ್ ಇರುತ್ತದೆ, ಒಳಗೆ ಧೂಳು, ನೀರು ಹೋಗದಂತೆ ಎಷ್ಟು ತಡೆಯುತ್ತದೆ ಅಂತ ಹೇಳುವುದು. ಐಪಿಎಕ್ಸ್ 8 ಇರುವ ಟಾರ್ಚ್ 6ಕ್ಕಿಂತ ಗಟ್ಟಿ, 6 ಇರುವುದು 4ಕ್ಕಿಂತ ಗಟ್ಟಿ, ದುಡ್ಡಿದ್ದರೆ ಕಣ್ಣುಮುಚ್ಚಿ ಎಂಟನ್ನೇ ತಗೊಳ್ಳಿ ಎಂದು ಅಂಗಡಿಯಲ್ಲೂ ಹೇಳುತ್ತಾರೆ, ವಾಟ್ಸಾಪಿನಲ್ಲೂ ಹೇಳುತ್ತಾರೆ. ಅರ್ಧ ಸರಿ, ಅರ್ಧ ತಪ್ಪು. ಆ ಅರ್ಧ ತಪ್ಪಿಗೇ ಜನ ಸಾವಿರ ರೂಪಾಯಿ ಜಾಸ್ತಿ ಕೊಟ್ಟು ಬರುತ್ತಿದ್ದಾರೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಕಡೆ. ವರ್ಷಕ್ಕೆ 7 ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಾಗ. ಆರಿದ್ರಾ ಮಳೆ ಹಿಡಿದರೆ ಆಶ್ಲೇಷ ಮುಗಿಯುವವರೆಗೆ ಕರೆಂಟಿಗೆ ಭರವಸೆ ಇಲ್ಲ. ರಾತ್ರಿ ಹೊತ್ತು ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರಿನ ಪೈಪಿನ ಬಾಯಿಗೆ ದರಗು (ಒಣ ಎಲೆ) ಸಿಕ್ಕಿಕೊಂಡರೆ ಹೋಗಿ ಬಿಡಿಸಬೇಕು, ತೋಟದ ಬಸಿಗಾಲುವೆ ಕಟ್ಟಿಕೊಂಡರೆ ನೋಡಬೇಕು, ದನ ಕೊಟ್ಟಿಗೆಗೆ ಬಾರದಿದ್ದರೆ ಹುಡುಕಬೇಕು. ವರ್ಷ ವರ್ಷ ಟಾರ್ಚ್ ತಂದು ತಂದು ಮನೆಯಲ್ಲಿ ಒಂದು ರಾಶಿಯೇ ಆಗಿದೆ. ಅದರಲ್ಲಿ ಐದನ್ನು ಆರಿಸಿಕೊಂಡು, ಡಬ್ಬಿ ಮೇಲೆ ಏನು ಬರೆದಿದೆ, ನೀರಿಗೆ ಹಾಕಿದರೆ ಏನಾಗುತ್ತದೆ ಅಂತ ಈ ಮಳೆಗಾಲದಲ್ಲಿ ಕೂತು ನೋಡಿದೆ.

ಐದು ಯಾವುವು ಅಂದರೆ, ಮೊದಲನೆಯದು ಊರ ಕಡೆ ಎಲ್ಲರ ಮನೆಯಲ್ಲೂ ಇರುವ ಪ್ಲಾಸ್ಟಿಕ್ ಚಾರ್ಜಿಂಗ್ ಟಾರ್ಚ್. ಹಿಂದೆ ಎರಡು ಪಿನ್ ಇರುತ್ತದೆ, ಹೊರಗೆ ಎಳೆದು ಪ್ಲಗ್ಗಿಗೆ ಸಿಕ್ಕಿಸಿದರೆ ಆಯಿತು, ಒಳಗೆ ಲೆಡ್ ಆಸಿಡ್ ಬ್ಯಾಟರಿ. ಐಪಿ ಗೀಪಿ ಏನೂ ಬರೆದಿಲ್ಲ. ಎರಡನೆಯದು ತಲೆಗೆ ಕಟ್ಟುವ ಟಾರ್ಚ್, ಮೂರು ಸಣ್ಣ ಸೆಲ್ ಹಾಕುವುದು, ಐಪಿಎಕ್ಸ್ 4. ಮೂರನೆಯದು ಆನ್‌ಲೈನಿನಲ್ಲಿ ಸಿಕ್ಕ ಜೂಮ್ ಟಾರ್ಚ್, ಮೂತಿ ಹಿಂದೆ ಮುಂದೆ ಜಾರಿಸಿದರೆ ಬೆಳಕು ಅಗಲ ಆಗುತ್ತದೆ, ಡಬ್ಬಿ ಮೇಲೆ ದೊಡ್ಡದಾಗಿ ವಾಟರ್‌ಪ್ರೂಫ್, ಕೆಳಗೆ ಸಣ್ಣದಾಗಿ ಐಪಿ 65. ನಾಲ್ಕನೆಯದು ಟೈಪ್-ಸಿ ಚಾರ್ಜಿಂಗ್ ಇರುವ ಅಲ್ಯೂಮಿನಿಯಂ ಟಾರ್ಚ್, ಐಪಿಎಕ್ಸ್ 7. ಐದನೆಯದೂ ಅಲ್ಯೂಮಿನಿಯಮ್ಮೇ, 18650 ಅನ್ನುವ ಲಿಥಿಯಂ ಸೆಲ್ ಹೊರಗೆ ತೆಗೆದು ಬೇರೆ ಚಾರ್ಜರ್‌ನಲ್ಲಿ ಹಾಕಬೇಕು, ಮೈಮೇಲೆ ಚಾರ್ಜಿಂಗ್ ತೂತೇ ಇಲ್ಲ. ಐಪಿಎಕ್ಸ್ 8, ಪಕ್ಕದಲ್ಲಿ 2 ಮೀಟರ್ ಅಂತ ಬರೆದಿದೆ. ಬೆಲೆಯೂ ಇದೇ ಕ್ರಮದಲ್ಲಿ ಏರುತ್ತದೆ, ಜೂಮ್ ಟಾರ್ಚ್ ಒಂದು ಬಿಟ್ಟು. ಅದು ಎಲ್ಲಕ್ಕಿಂತ ಅಗ್ಗ.

ಈ ನಂಬರ್ ಟಾರ್ಚಿನವರು ಕಟ್ಟಿಕೊಂಡದ್ದಲ್ಲ. ಐಇಸಿ 60529 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ, 1976ರಿಂದ ನಡೆದುಬಂದಿದ್ದು, ನಮ್ಮ ದೇಶದ ಮಾನದಂಡ ಸಂಸ್ಥೆ ಬಿಐಎಸ್ ಕೂಡ ಅದನ್ನೇ ಒಪ್ಪಿಕೊಂಡಿದೆ. ನಿಮ್ಮ ಪಂಪ್‌ಸೆಟ್ ಮೋಟರಿನ ತಗಡಿನ ಮೇಲೆ ಐಪಿ 55 ಅಂತ ಕೆತ್ತಿರುತ್ತದಲ್ಲ, ಅದೂ ಇದೇ ಲೆಕ್ಕ. ಮೊದಲನೇ ಅಂಕಿ ಧೂಳಿಗೆ, 0ಯಿಂದ 6. ಎರಡನೇದು ನೀರಿಗೆ, 0ಯಿಂದ 9. ಎಕ್ಸ್ ಅಂತ ಇದ್ದರೆ ಧೂಳಿನ ಲೆಕ್ಕ ಹೇಳಿಲ್ಲ ಅಂತ ಅಷ್ಟೇ, ಸೊನ್ನೆ ಅಂತ ಅಲ್ಲ. ನಮ್ಮಂಥ ಕಡೆ ಧೂಳಿನ ಅಂಕಿ ನೋಡಬೇಕಾಗಿಲ್ಲ, ಜೂನ್ ಬಂದ ಮೇಲೆ ಧೂಳು ಎಲ್ಲಿದೆ? ಬಳ್ಳಾರಿ, ಸಂಡೂರು ಕಡೆಯವರಿಗೆ ಅದು ಬೇಕು. ಅಲ್ಲಿನ ಕೆಂಪು ಧೂಳು ಸ್ವಿಚ್ಚಿನೊಳಗೆ ಕೂತರೆ ಮುಗಿಯಿತು.

ನೀರಿನ ಅಂಕಿಯದ್ದೇ ಕತೆ. 1ರಿಂದ 4ರವರೆಗೆ ಹನಿ, ಮಳೆ, ಎರಚಲು. 5 ಮತ್ತು 6 ಅಂದರೆ ಪೈಪಿನಿಂದ ರಭಸವಾಗಿ ಹೊಡೆಯುವ ನೀರು. 7 ಮತ್ತು 8 ಅಂದರೆ ಮುಳುಗಿಸುವುದು. ಇದು ಒಂದೇ ಏಣಿಯ ಮೆಟ್ಟಿಲು ಅಲ್ಲ. 6ರವರೆಗೆ ಒಂದು ದಾರಿ, 7ರಿಂದ ಬೇರೆ ದಾರಿ. 7 ಪಾಸಾದ ಟಾರ್ಚ್ 6 ಪಾಸಾಗಿದೆ ಅಂತ ಆ ಮಾನದಂಡ ಎಲ್ಲೂ ಹೇಳುವುದಿಲ್ಲ. ಎರಡಕ್ಕೂ ಪರೀಕ್ಷೆ ಮಾಡಿಸಿದ್ದರೆ ಐಪಿಎಕ್ಸ್ 6/ಐಪಿಎಕ್ಸ್ 7 ಅಂತ ಎರಡನ್ನೂ ಬರೆಯಬೇಕು. ಹಾಗೆ ಬರೆದ ಟಾರ್ಚ್ ಸಿಕ್ಕರೆ ತಯಾರಿಸಿದವರಿಗೆ ವಿಷಯ ಗೊತ್ತಿದೆ ಅಂತ ತಿಳಿಯಿರಿ.

ಸರಿ, ಮಳೆಯಿಂದಲೇ ಶುರು ಮಾಡೋಣ. ಪ್ರತಿ ಟಾರ್ಚಿನ ಸೆಲ್ ತೆಗೆದು ಆ ಜಾಗಕ್ಕೆ ಇಂಕ್ ಪೆನ್ನಿನಲ್ಲಿ ಗೀಟು ಎಳೆದ ಕಾಗದ ಸುತ್ತಿಟ್ಟೆ. ಒಂದು ಹನಿ ಹೋದರೂ ಇಂಕು ಹರಡುತ್ತದೆ, ಸುಳ್ಳು ಹೇಳುವುದಿಲ್ಲ. ಬ್ಯಾಟರಿ ಹೊರಗೆ ಬರದ ಚಾರ್ಜಿಂಗ್ ಟಾರ್ಚಿಗೆ ಮಾತ್ರ ಗಾಜು ಬಿಚ್ಚಿ ಅಲ್ಲೇ ತುರುಕಿದೆ. ಅಂಗಳದ ತಂತಿಗೆ ನೇತು ಹಾಕಿ ರಾತ್ರಿಯಿಡೀ ಬಿಟ್ಟೆ. ಪುನರ್ವಸು ಮಳೆ, ಗಾಳಿ ಸಮೇತ.

ಬೆಳಿಗ್ಗೆ ನೋಡಿದರೆ ಚಾರ್ಜಿಂಗ್ ಟಾರ್ಚಿನ ಕಾಗದ ಮುದ್ದೆಯಾಗಿತ್ತು. ಪಿನ್ ಹೊರಬರುವ ಸೀಳಿನಿಂದ ನೀರು ಇಳಿದಿದೆ, ಜಾರುವ ಸ್ವಿಚ್ಚಿನ ಸಂದಿಯಿಂದಲೂ ಇಳಿದಿದೆ. ಇದು ಯಾರಿಗೂ ಆಶ್ಚರ್ಯದ ವಿಷಯ ಅಲ್ಲ. ಜೂಮ್ ಟಾರ್ಚಿನಲ್ಲಿ ಮೂತಿಯ ಕಡೆ ತೇವ. ಉಳಿದ ಮೂರೂ ಒಣ. ಅಂದರೆ ಬರೀ 4 ಇದ್ದ ತಲೆ ಟಾರ್ಚ್ ಕೂಡ ಒಣ.

ಇಲ್ಲಿ ಒಂದು ಲೆಕ್ಕ ಹೇಳುತ್ತೇನೆ, ನನಗೆ ಬಹಳ ಹಿಡಿಸಿದ್ದು. ಐಪಿಎಕ್ಸ್ 2 ಪರೀಕ್ಷೆಯಲ್ಲಿ ನಿಮಿಷಕ್ಕೆ 3 ಮಿಲಿಮೀಟರ್ ಲೆಕ್ಕದಲ್ಲಿ ನೀರು ಹನಿಸುತ್ತಾರೆ. ಗಂಟೆಗೆ 180 ಮಿಲಿಮೀಟರ್ ಆಯಿತು. ಆಗುಂಬೆಯಲ್ಲೂ ಅಷ್ಟು ಬಿರುಸಾಗಿ ಮಳೆ ಗಂಟೆಗಟ್ಟಲೆ ಹುಯ್ಯುವುದಿಲ್ಲ! ಮಳೆಯ ಬಿರುಸು ಟಾರ್ಚಿಗೆ ಸಮಸ್ಯೆಯೇ ಅಲ್ಲ. ಗಾಳಿಗೆ ಓರೆಯಾಗಿ, ಕೆಳಗಿನಿಂದ ಸಿಡಿದು ಬರುವ ನೀರಿಗೆ 4 ಬೇಕು, ಅದಕ್ಕೆ ಎಲ್ಲ ಕಡೆಯಿಂದ ಎರಚಿ ನೋಡಿರುತ್ತಾರೆ. ಆದರೆ ಆ ಪರೀಕ್ಷೆಗಳೆಲ್ಲ ಐದು ಹತ್ತು ನಿಮಿಷದ್ದು. ನಮ್ಮ ಮಳೆ ಮೂರು ತಿಂಗಳದ್ದು. ಒಳಗೆ ಒಂದು ಹನಿ ನೀರು ಹೋಗದಿದ್ದರೂ ಸೆಲ್ ಬದಲಿಸುವಾಗ ಹೋದ ತಂಡಿ ಗಾಳಿ ಸಾಕು, ಸ್ಪ್ರಿಂಗಿಗೆ ಕಿಲುಬು ಹಿಡಿಯುತ್ತದೆ, ಗಾಜಿನ ಒಳಗೆ ಮಂಜು ಕೂರುತ್ತದೆ. ಇದಕ್ಕೆ ಯಾವ ಐಪಿ ನಂಬರೂ ಇಲ್ಲ. ನಾನು ಸೆಲ್ ಬದಲಿಸುವುದು ಒಲೆ ಇರುವ ಕೋಣೆಯಲ್ಲಿ, ಅಷ್ಟೇ ಉಪಾಯ.

ಆಮೇಲೆ ಸ್ಪ್ರೇ ಗನ್. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಎಚ್‌ಟಿಪಿ ಪಂಪಿಗೆ (ಜೋರು ಒತ್ತಡದ ಸಿಂಪಡಣೆ ಪಂಪು) ಬರೀ ನೀರು ಕೊಟ್ಟು, ಟಾರ್ಚ್‌ಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ಸ್ವಲ್ಪ ದೂರದಿಂದ ಹೊಡೆದೆ. ಲ್ಯಾಬಿನಲ್ಲಿ ಐಪಿಎಕ್ಸ್ 5ಕ್ಕೆ 6.3 ಮಿಲಿಮೀಟರ್ ಬಾಯಿಯಿಂದ ನಿಮಿಷಕ್ಕೆ 12.5 ಲೀಟರ್, 6ಕ್ಕೆ 12.5 ಮಿಲಿಮೀಟರ್ ಬಾಯಿಯಿಂದ ನಿಮಿಷಕ್ಕೆ 100 ಲೀಟರ್ ಹೊಡೆಯುತ್ತಾರೆ, ಎರಡೂವರೆಯಿಂದ ಮೂರು ಮೀಟರ್ ದೂರ, ಕನಿಷ್ಠ 3 ನಿಮಿಷ. ನನ್ನ ಗನ್ನಿನಲ್ಲಿ ನೀರು ಕಡಿಮೆ, ಒತ್ತಡ ಜಾಸ್ತಿ. ಹಾಗಾಗಿ ಇದನ್ನು ಲ್ಯಾಬ್ ಪರೀಕ್ಷೆಗೆ ಹೋಲಿಸಬೇಡಿ. ಆದರೆ ನಾವು ಟಾರ್ಚ್ ಕೆಸರಾದಾಗ ಮಾಡುವುದೇ ಇದನ್ನು ತಾನೇ?

ಇಲ್ಲಿ ಮಜಾ ಆಗಿದ್ದು ಐಪಿಎಕ್ಸ್ 7ರ ಟೈಪ್-ಸಿ ಟಾರ್ಚಿನದ್ದು. ಚಾರ್ಜಿಂಗ್ ತೂತಿನ ಮೇಲೆ ರಬ್ಬರ್ ಮುಚ್ಚಳ ಇದೆಯಲ್ಲ, ನೀರಿನ ಧಾರೆ ಅದರ ಅಂಚಿಗೆ ಬಿದ್ದ ಕೂಡಲೇ ಒಂದು ಮೂಲೆ ಎದ್ದಿತು. ನೋಡುತ್ತಿದ್ದಂತೆ ಪೂರ್ತಿ ತೆರೆದು ಪಟಪಟ ಬಡಿಯತೊಡಗಿತು. ಒಳಗಿನ ಲೋಹದ ಪಿನ್ನಿಗೆ ನೇರ ನೀರು. ಬಿಚ್ಚಿದರೆ ಸೆಲ್ ಕೂರುವ ಕೊಳವೆ ಒಣವೇ ಇತ್ತು, ಏಕೆಂದರೆ ಆ ತೂತಿನ ಹಿಂದೆ ಅಂಟು ಹಾಕಿದ್ದಾರೆ ಅಂತ ಕಾಣುತ್ತದೆ. ಆದರೆ ತೂತಿನಲ್ಲಿ ನಿಂತ ನೀರು ಎರಡು ದಿನ ಆರಲಿಲ್ಲ. ಆ ಸ್ಥಿತಿಯಲ್ಲಿ ಚಾರ್ಜರ್ ಸಿಕ್ಕಿಸಿದ್ದರೆ ಪಿನ್ ಸುಟ್ಟು ಕಪ್ಪಾಗುತ್ತಿತ್ತು. ಮುಳುಗಿಸಿದರೆ ನೀರು ಎಲ್ಲ ಕಡೆಯಿಂದ ಒಂದೇ ಸಮ ಒತ್ತುತ್ತದೆ, ಆ ಒತ್ತಡವೇ ಮುಚ್ಚಳವನ್ನು ಒಳಗೆ ಅದುಮಿ ಹಿಡಿಯುತ್ತದೆ. ಧಾರೆ ಹಾಗಲ್ಲ, ಸಂದಿಗೆ ಬೆರಳು ತೂರಿಸಿ ಎಬ್ಬಿಸಿದ ಹಾಗೆ. 7 ಇದ್ದೂ 6 ಇಲ್ಲ ಅಂದರೆ ಇದೇ.

ತಲೆ ಟಾರ್ಚಿನ ಸೆಲ್ ಡಬ್ಬಿಗೆ ನೀರು ನುಗ್ಗಿತು, ಅದು ನುಗ್ಗಲೇಬೇಕು, 4ಕ್ಕೆ ಯಾರೂ ಗನ್ನಿನ ಮಾತು ಕೊಟ್ಟಿಲ್ಲ. ಚಾರ್ಜಿಂಗ್ ಟಾರ್ಚನ್ನು ಇದಕ್ಕೆ ಇಡಲೇ ಇಲ್ಲ, ಪಾಪ. ಐದನೆಯದು, ತೂತಿಲ್ಲದ ಎಂಟು, ಕಟ್ಟೆಯಿಂದ ಉರುಳಿ ಬಿದ್ದರೂ ಒಣ. ಅದಕ್ಕೂ ಡಬ್ಬಿ ಮೇಲೆ 6 ಬರೆದಿಲ್ಲ. ನಂಬರಿನಿಂದ ಉಳಿದಿದ್ದಲ್ಲ, ನೀರು ಹೋಗಲು ಜಾಗವೇ ಕಮ್ಮಿ ಇದ್ದದ್ದರಿಂದ ಉಳಿದಿದ್ದು.

ಜೂಮ್ ಟಾರ್ಚಿಗೆ ಐಪಿ 65 ಅಂತ ಬರೆದಿತ್ತು, ಅಂದರೆ ಧಾರೆ ತಡೆಯಬೇಕು. ತಡೆಯಲಿಲ್ಲ. ಆದರೆ ಅದರ ಗುಟ್ಟು ತಿಳಿದಿದ್ದು ಬಕೆಟ್ಟಿನಲ್ಲಿ. ನೀರಿನೊಳಗೆ ಹಿಡಿದು ಮೂತಿಯನ್ನು ಒಳಗೆ ತಳ್ಳಿದರೆ ಕತ್ತಿನ ಸುತ್ತ ಗುಳುಗುಳು ಅಂತ ಗುಳ್ಳೆ ಬಂತು. ಹೊರಗೆ ಎಳೆದರೆ ಗುಳ್ಳೆ ನಿಂತಿತು, ಅಷ್ಟೇ ಪ್ರಮಾಣದ ನೀರು ಒಳಗೆ. ಮೂತಿ ಜಾರಿಸಿದಾಗ ಒಳಗಿನ ಜಾಗ ಹಿರಿದು ಕಿರಿದಾಗುತ್ತದೆ, ಗಾಳಿ ಹೋಗಿ ಬರಲೇಬೇಕು, ಅಲ್ವಾ? ಗಾಳಿ ಹೋಗುವಲ್ಲಿ ನೀರೂ ಹೋಗುತ್ತದೆ. ಮಳೆಯಲ್ಲಿ ನಿಂತು ಬೆಳಕು ಅಗಲ ಮಾಡಿ, ಸಣ್ಣ ಮಾಡಿ ಅಂತ ಆಡಿಸುತ್ತಾ ಹೋದರೆ ಟಾರ್ಚ್ ತಾನೇ ನೀರು ಕುಡಿಯುತ್ತದೆ. ಜಾರುವ ಮೂತಿಗೆ ಒಳ್ಳೆಯ ರಬ್ಬರ್ ರಿಂಗ್ ಹಾಕಿ ಮಾಡಿದವೂ ಇವೆ, ಆದರೆ ಅವು ಈ ಬೆಲೆಗೆ ಬರುವುದಿಲ್ಲ. ಇನ್ನೊಂದು ಗಮನಿಸಿ: ಆ ಐಪಿ 65 ಇದ್ದದ್ದು ಬರೀ ಡಬ್ಬಿ ಮೇಲೆ. ಟಾರ್ಚಿನ ಮೈಮೇಲೂ ಇಲ್ಲ, ಒಳಗಿನ ಚೀಟಿಯಲ್ಲೂ ಇಲ್ಲ. ಡಬ್ಬಿ ಮೇಲೆ ಏನು ಬೇಕಾದರೂ ಅಚ್ಚು ಹಾಕಿಸಬಹುದು ಸ್ವಾಮಿ.

ಬಾವಿಗೆ ಇಳಿಸಿದ್ದು 7 ಮತ್ತು 8 ಮಾತ್ರ. ಜುಲೈನಲ್ಲಿ ನಮ್ಮ ಬಾವಿಯ ನೀರು ಬಗ್ಗಿದರೆ ಕೈಗೆ ಸಿಗುತ್ತದೆ, ಹಾಗಾಗಿ ಅಳತೆ ಸುಲಭ. ಹುರಿಗೆ ಒಂದು ಮೀಟರಿಗೊಂದು, ಎರಡು ಮೀಟರಿಗೊಂದು ಗಂಟು ಹಾಕಿ, ಟಾರ್ಚಿನ ಬುಡಕ್ಕೆ ಕಲ್ಲು ಕಟ್ಟಿ ಇಳಿಸಿದೆ. ಐಪಿಎಕ್ಸ್ 7ರ ಅರ್ಥ ಒಂದು ಮೀಟರ್ ಆಳ, 30 ನಿಮಿಷ. ಐಪಿಎಕ್ಸ್ 8ಕ್ಕೆ ಇಂತಿಷ್ಟೇ ಆಳ ಅಂತ ಮಾನದಂಡದಲ್ಲಿ ಇಲ್ಲ. 7ಕ್ಕಿಂತ ಕಠಿಣ ಇರಬೇಕು, ಎಷ್ಟು ಅಂತ ತಯಾರಕರೇ ಹೇಳಬೇಕು. ಒಬ್ಬರ 8 ಎರಡು ಮೀಟರ್, ಇನ್ನೊಬ್ಬರದ್ದು ಹತ್ತು ಮೀಟರ್ ಇರಬಹುದು. ಹಾಗಾಗಿ ಆಳ ಬರೆಯದ 8ಕ್ಕೆ ಬೆಲೆ ಇಲ್ಲ.

ಕಾಗದ ಹಾಕಿ ಇಳಿಸಿದಾಗ ಎರಡೂ ಪಾಸು, ಟೈಪ್-ಸಿ ಟಾರ್ಚ್ ಕೂಡ. ಗನ್ನಿಗೆ ಬಾಯಿ ತೆರೆದಿದ್ದ ಅದೇ ಮುಚ್ಚಳ ಬಾವಿಯಲ್ಲಿ ಅಲ್ಲಾಡಲಿಲ್ಲ. ಆಮೇಲೆ ಸೆಲ್ ಹಾಕಿ, ಎಂಟನ್ನು ಉರಿಸಿಯೇ ರಾತ್ರಿ ಇಳಿಸಿದೆ. ಕಲ್ಲುಕಟ್ಟಣೆಯ ಒಂದೊಂದು ಸಂದಿಯ ಪಾಚಿಯೂ ಹಸಿರಾಗಿ ಬೆಳಗಿತು. ಇಷ್ಟು ವರ್ಷ ನೀರು ಸೇದಿದ ಬಾವಿಯಲ್ಲಿ ಅಷ್ಟು ಮೀನು ಇದೆ ಅಂತ ಅಪ್ಪಯ್ಯನಿಗೂ ಗೊತ್ತಿರಲಿಲ್ಲ. "ಇದೇ ಸರಿ, ಕೊಡೆ ಹಿಡ್ಕೊಂಡು ಟಾರ್ಚಿಗೆ ಸ್ನಾನ ಮಾಡ್ಸು" ಅಂತ ಬೈದುಕೊಂಡೇ ಬಂದವರು ಕಟ್ಟೆ ಬಿಟ್ಟು ಏಳಲಿಲ್ಲ.

ಎರಡಕ್ಕೂ ನಿಜವಾದ ವ್ಯತ್ಯಾಸ ಕಂಡಿದ್ದು ಬಿಸಿ ಮಾಡಿ ಹಾಕಿದಾಗ. ಈಗಿನ ಟಾರ್ಚ್‌ಗಳು ಜೋರು ಬೆಳಕಿನಲ್ಲಿ ಇಟ್ಟರೆ ಮೂತಿ ಕೈಲಿ ಹಿಡಿಯಲಾಗದಷ್ಟು ಸುಡುತ್ತದೆ. ಹಾಗೆ ಸುಡುವ ಟಾರ್ಚ್ ಸಂಕ (ಕಾಲುಸೇತುವೆ) ದಾಟುವಾಗ ಕೈಜಾರಿ ಹಳ್ಳಕ್ಕೆ ಬಿದ್ದರೆ? ಅದನ್ನೇ ಮಾಡಿದೆ. ಜೋರಾಗಿ ಉರಿಸಿ, ಬಿಸಿಯಾದ ಮೇಲೆ ಬಾವಿಯಿಂದ ಆಗ ಸೇದಿದ ನೀರಿನ ಬಕೆಟ್ಟಿಗೆ ಹಾಕಿದೆ. ಸೆಲ್ಲಿನ ಸುತ್ತ ಮತ್ತೆ ಇಂಕಿನ ಕಾಗದ. ಒಂದು ಮೀಟರ್ ಬಾವಿಯಲ್ಲಿ ಪಾಸಾಗಿದ್ದ 7, ಒಂದು ಗೇಣು ನೀರಿನ ಬಕೆಟ್ಟಿನಲ್ಲಿ ಫೇಲು. ಬುಡದ ಕಡೆ ಇಂಕು ನೀಲಿ ಮೋಡದ ಹಾಗೆ ಹರಡಿತ್ತು.

ಕಾರಣ ಸರಳ. ಬಿಸಿಯಾದ ಗಾಳಿ ತಣ್ಣಗಾದಾಗ ಕುಗ್ಗುತ್ತದೆ. 60 ಡಿಗ್ರಿಯಿಂದ 22 ಡಿಗ್ರಿಗೆ ಇಳಿದರೆ ಒಳಗಿನ ಒತ್ತಡ ನೂರಕ್ಕೆ ಹನ್ನೊಂದರಷ್ಟು ಕಡಿಮೆ ಆಗುತ್ತದೆ. ಹತ್ತು ಮೀಟರ್ ನೀರು ಅಂದರೆ ಒಂದು ವಾತಾವರಣದ ಒತ್ತಡ. ಆ ಲೆಕ್ಕದಲ್ಲಿ ಈ ಹನ್ನೊಂದು ಅಂದರೆ ಒಂದು ಮೀಟರ್ ಆಳಕ್ಕಿಂತ ಸ್ವಲ್ಪ ಜಾಸ್ತಿಯೇ! ಟಾರ್ಚ್ ನೀರಿನ ಮೇಲೇ ಇದ್ದರೂ ಅದರ ರಬ್ಬರ್ ರಿಂಗಿಗೆ ಆಳದಲ್ಲಿ ಇದ್ದಷ್ಟೇ ಎಳೆತ. ಮಾನದಂಡದ ಪರೀಕ್ಷೆಯಲ್ಲಿ ನೀರಿಗೂ ವಸ್ತುವಿಗೂ 5 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು ಅಂತ ನಿಯಮ ಇದೆ. ಹಳ್ಳಕ್ಕೆ ಆ ನಿಯಮ ಗೊತ್ತಿಲ್ಲ. ಎರಡು ಮೀಟರಿನ 8 ಇದನ್ನೂ ತಡೆಯಿತು. ಅದರ ಬುಡದಲ್ಲಿ ಎರಡು ರಿಂಗ್ ಇವೆ, 7ರಲ್ಲಿ ಒಂದೇ. ನನ್ನ ಮಟ್ಟಿಗೆ 8ಕ್ಕೆ ಕೊಟ್ಟ ಜಾಸ್ತಿ ದುಡ್ಡಿಗೆ ಅರ್ಥ ಸಿಕ್ಕಿದ್ದು ಇಲ್ಲಿ, ಬಾವಿಯ ಆಳದಲ್ಲಿ ಅಲ್ಲ.

ಸುಮ್ನೆ ಕುತೂಹಲಕ್ಕೆ ತಲೆ ಟಾರ್ಚನ್ನೂ ಬಕೆಟ್ಟಿಗೆ ಹಾಕಿದೆ. ಸೆಲ್ ಡಬ್ಬಿ ತುಂಬ ನೀರು, ಆದರೂ ಉರಿಯುತ್ತಲೇ ಇತ್ತು. ಸಿಹಿನೀರಿನಲ್ಲಿ ಅಷ್ಟು ಕಡಿಮೆ ವೋಲ್ಟೇಜು ತಕ್ಷಣ ಶಾರ್ಟ್ ಆಗುವುದಿಲ್ಲ. ಆನ್‌ಲೈನಿನಲ್ಲಿ ತುಂಬಾ ಜನ ಮೋಸ ಹೋಗುವುದು ಇಲ್ಲೇ. ಬಕೆಟ್ಟಿನಲ್ಲಿ ಉರಿಯುವ ಟಾರ್ಚಿನ ವಿಡಿಯೋ ಹಾಕುತ್ತಾರೆ, ನೋಡಿದವರು ವಾಟರ್‌ಪ್ರೂಫ್ ಅಂದುಕೊಳ್ಳುತ್ತಾರೆ. ಉರಿಯುವುದು ಬೇರೆ, ಒಳಗೆ ನೀರು ಹೋಗದೆ ಇರುವುದು ಬೇರೆ. ಕಿಲುಬು ಬರುವುದು ಮುಂದಿನ ವಾರ. ಬೇಗ ಬಿಚ್ಚಿ, ಸೆಲ್ ತೆಗೆದು, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಸಾದಾ ಸೆಲ್ಲಿನ ಟಾರ್ಚ್ ಬದುಕುತ್ತದೆ. ಲಿಥಿಯಂ ಸೆಲ್ ನೀರು ಕುಡಿದರೆ ಮಾತ್ರ ಒಲೆ ಹತ್ತಿರ ಒಯ್ಯಬೇಡಿ. ಆ ಸೆಲ್ ಎತ್ತಿ ಹೊರಗಿಡಿ, ಮತ್ತೆ ಚಾರ್ಜಿಗೆ ಹಾಕಬೇಡಿ.

ರಬ್ಬರ್ ರಿಂಗಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಡಬ್ಬಿ ಮೇಲಿನ ನಂಬರ್ ಹೊಸ ಟಾರ್ಚಿನದ್ದು. ಎರಡು ಮಳೆಗಾಲ ಕಳೆದ ಮೇಲೆ ರಿಂಗ್ ಒಣಗಿ, ಚಪ್ಪಟೆಯಾಗಿ, ಥ್ರೆಡ್ಡಿನಲ್ಲಿ ಮರಳು ಸೇರಿದ ಟಾರ್ಚ್ 8 ಇದ್ದರೇನು, 4 ಇದ್ದರೇನು? ಬಿಚ್ಚಿ, ಹಳೇ ಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಇಲ್ಲಿ ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ, ಗಾಡಿ ಗ್ರೀಸ್ ಬಳಿಯುವವರಿದ್ದಾರೆ. ಗಾಡಿ ಗ್ರೀಸಿಗೆ ಕೆಲವು ಜಾತಿಯ ರಬ್ಬರ್ ಉಬ್ಬಿ ಸಡಿಲ ಆಗುತ್ತದೆ. ಸಿಲಿಕೋನ್ ಗ್ರೀಸ್ ಎಲ್ಲಿ ಸಿಗುತ್ತದೆ ಅಂತ ಹುಡುಕಬೇಡಿ, ಆರ್‌ಓ ಫಿಲ್ಟರ್ ರಿಪೇರಿ ಮಾಡುವವರ ಹತ್ತಿರ ಇರುತ್ತದೆ. ಸ್ವಿಚ್ಚಿನ ರಬ್ಬರ್ ಟೋಪಿಯನ್ನೂ ಒತ್ತಿ ನೋಡಿ. ನಮ್ಮಲ್ಲಿ ಇಲಿ ಕಚ್ಚಿ ತೂತಾಗಿದ್ದೂ ಉಂಟು.

ಈಗ ಬಳಕೆ ಹೀಗಿದೆ. ತೋಟಕ್ಕೆ, ಅಬ್ಬಿ ಪೈಪಿಗೆ ಹೋಗಲು ತಲೆ ಟಾರ್ಚ್, ಬರೀ 4. ಎರಡು ಕೈಯೂ ಖಾಲಿ ಇರುತ್ತದೆ, ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕೀಳಲು ಅನುಕೂಲ, ಸೆಲ್ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಐದರಲ್ಲಿ ನನಗೆ ಹೆಚ್ಚು ಇಷ್ಟ ಇದೇ. ಹಳ್ಳ ದಾಟುವುದಿದ್ದರೆ, ಮಳೆನೀರಿಗೆ ಹತ್ತಿ ಬರುವ ಹತ್ತುಮೀನು ನೋಡಲು ಗದ್ದೆ ಬಯಲಿಗೆ ಹೋಗುವುದಿದ್ದರೆ ತೂತಿಲ್ಲದ 8. ಟೈಪ್-ಸಿ 7 ಗಾಡಿಯ ಡಿಕ್ಕಿಯಲ್ಲಿ, ಫೋನಿನ ಚಾರ್ಜರೇ ಆಗುತ್ತದೆ ಅನ್ನುವುದು ಅದರ ದೊಡ್ಡ ಗುಣ. ಚಾರ್ಜಿಂಗ್ ಟಾರ್ಚ್ ಅಪ್ಪಯ್ಯನ ಮಂಚದ ಪಕ್ಕ, ಅದನ್ನು ಬದಲಿಸುವ ಧೈರ್ಯ ನನಗಿಲ್ಲ. ಜೂಮ್ ಟಾರ್ಚ್ ಯಾರಿಗೂ ಬೇಡ.

ಕುಂದಾಪುರದ ಭಾವ ಫೋನ್ ಮಾಡಿ "ಹಾಗಾದರೆ ದೋಣಿಗೆ 8 ಸಾಕಾ?" ಅಂತ ಕೇಳಿದರು. ನೀರಿನ ತಡೆಗೆ ಸಾಕು, ಆದರೆ ಈ ಪರೀಕ್ಷೆಗಳೆಲ್ಲ ಸಿಹಿನೀರಿನಲ್ಲಿ ಆಗಿರುತ್ತವೆ. ಉಪ್ಪುನೀರು ರಿಂಗ್ ದಾಟಬೇಕಾಗಿಯೂ ಇಲ್ಲ, ರಿಂಗಿನ ಹೊರಗೆ ಉಳಿದ ಥ್ರೆಡ್ಡಿನಲ್ಲಿ ಕೂತು ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ, ಒಂದು ದಿನ ಬುಡ ತಿರುಗುವುದೇ ಇಲ್ಲ. ದಡಕ್ಕೆ ಬಂದ ಕೂಡಲೇ ಮುಚ್ಚಿದ ಹಾಗೇ ಸಿಹಿನೀರಿನಲ್ಲಿ ಅದ್ದಿ ತೊಳೆಯಿರಿ, ಆರಿದ ಮೇಲೆಯೇ ಬಿಚ್ಚಿ ಅಂದೆ. ದೋಣಿಗೇ ಅಂತ ಹೊಸದು ತಗೊಳ್ಳುವುದಾದರೆ ಲೋಹದ್ದು ಬಿಟ್ಟು ಗಟ್ಟಿ ಪ್ಲಾಸ್ಟಿಕ್ ಮೈಯ 8 ನೋಡಿ ಅಂತಲೂ ಹೇಳಿದೆ.